ಯೋಜನೆ ಮುಗಿದ ಮೇಲೆ ಯುವ ರೈತನಿಗೆ ದಿಕ್ಕು ಯಾರು?

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲು ಪಾಪಿನಾಯಕನಹಳ್ಳಿಯನ್ನು ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ಗಾದಿಗನೂರು. ಒಂದು ದಿಕ್ಕಿಗೆ ಸಂಡೂರಿನ ಅದಿರಿನ ಬೆಟ್ಟಗಳು, ಇದೇ ಹಳಿಯಲ್ಲಿ ಇನ್ನಷ್ಟು ಮುಂದೆ ಹೋದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇಂಥ ಊರಿನಲ್ಲಿ ಇಪ್ಪತ್ತರ ಹರೆಯಕ್ಕೆ ಕಾಲಿಟ್ಟ ರೈತನ ಮಗನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಕಾರ್ಖಾನೆಯ ಗುತ್ತಿಗೆ ಕೂಲಿ ಅಥವಾ ಲಾರಿಯ ಕೆಲಸ. ಇನ್ನೊಂದು, ಅಪ್ಪನ ಎರಡು ಮೂರು ಎಕರೆ ಹೊಲ. ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟವನಿಗೆ ಮೊದಲ ದಿನವೇ ಕೆಲಸ ಹೇಳಿಕೊಡುವವರು ಇರುತ್ತಾರೆ, ತಪ್ಪಿದರೆ ತಿದ್ದುವ ಮೇಸ್ತ್ರಿ ಇರುತ್ತಾನೆ. ಹೊಲಕ್ಕೆ ಇಳಿದವನಿಗೆ ಯಾರಿದ್ದಾರೆ? ಮೆಕ್ಕೆಜೋಳದ ಸುಳಿಯಲ್ಲಿ ಹುಳು ಕಂಡ ದಿನ ಅವನು ಯಾರ ಬಾಗಿಲು ತಟ್ಟಬೇಕು?

ಯುವಕರು ಕೃಷಿಯನ್ನು ಬಿಟ್ಟು ಹೋಗುತ್ತಿದ್ದಾರೆ ಎಂದು ವೇದಿಕೆಗಳಲ್ಲಿ ಮರುಗುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಉಳಿದುಕೊಂಡ ಯುವಕನ ಬೆನ್ನಿಗೆ ನಿಲ್ಲುವ ವ್ಯವಸ್ಥೆ ಏನಾಯಿತು ಎಂದು ಕೇಳುವವರು ವಿರಳ. ಕೃಷಿ ವಿಸ್ತರಣಾ ಸೇವೆ ಎಂಬ ಶಬ್ದ ಪಟ್ಟಣದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಹೊಲಕ್ಕೆ ಮುಟ್ಟಿಸುವುದು, ಹೊಲದಲ್ಲಿ ತಲೆದೋರಿದ ಸಮಸ್ಯೆಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು- ಇದಿಷ್ಟೇ ಅದರ ಅರ್ಥ. ಯಾವ ಭೂಮಿಗೆ ಯಾವ ತಳಿ, ಯಾವ ರೋಗಕ್ಕೆ ಯಾವ ಮದ್ದು, ಎಷ್ಟು ಗೊಬ್ಬರ ಸಾಕು ಎಂಬುದನ್ನು ಲಾಭದ ಆಸೆಯಿಲ್ಲದೆ ಹೇಳುವ ಒಬ್ಬ ವ್ಯಕ್ತಿ ರೈತನಿಗೆ ಸಿಗಬೇಕು. ಅನುಭವಿಯಾದ ಹಿರಿಯ ರೈತನಿಗಿಂತ ಹೊಸದಾಗಿ ನೇಗಿಲು ಹಿಡಿದವನಿಗೆ ಈ ಸೇವೆ ಹೆಚ್ಚು ಅಗತ್ಯ.

ಈ ಸೇವೆ ನಿಜವಾಗಿ ಎಷ್ಟು ಜನರನ್ನು ಮುಟ್ಟಿದೆ? 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷಾ ಸಂಸ್ಥೆಯು ದೇಶದ ರೈತರ ಸ್ಥಿತಿಗತಿಯ ಬಗ್ಗೆ ನಡೆಸಿದ ಸಮೀಕ್ಷೆಯು ಇದಕ್ಕೆ ಉತ್ತರ ಕೊಟ್ಟಿತ್ತು. ಆಧುನಿಕ ಕೃಷಿ ವಿಧಾನದ ಬಗ್ಗೆ ಯಾವುದಾದರೊಂದು ಮೂಲದಿಂದ ಮಾಹಿತಿ ಪಡೆದ ರೈತ ಕುಟುಂಬಗಳು ಶೇ. 40 ಮಾತ್ರ. ಪ್ರಗತಿಪರ ರೈತರಿಂದ ತಿಳಿದುಕೊಂಡವರು ಶೇ. 16.7, ಬೀಜ-ಗೊಬ್ಬರದ ಅಂಗಡಿಯವರಿಂದ ಶೇ. 13.1, ರೇಡಿಯೋದಿಂದ ಶೇ. 13. ಇದೇ ಕೆಲಸಕ್ಕೆಂದು ಸರಕಾರ ನೇಮಿಸಿದ ವಿಸ್ತರಣಾ ಕಾರ್ಯಕರ್ತರಿಂದ ತಿಳಿದುಕೊಂಡವರು ಶೇ. 5.7! ಬೇರೆ ದಾರಿಯಿದ್ದರೆ ಕೃಷಿಯನ್ನು ಬಿಡುತ್ತೇವೆ ಎಂದು ಶೇ. 40ರಷ್ಟು ರೈತರು ಹೇಳಿದ್ದೂ ಅದೇ ಸಮೀಕ್ಷೆಯಲ್ಲಿ. ಈ ಎರಡು ಅಂಕೆಗಳ ನಡುವೆ ಸಂಬಂಧವೇ ಇಲ್ಲವೆಂದು ವಾದಿಸುವುದು ಕಷ್ಟ.

ಹಾಗೆಂದು ಸರಕಾರಗಳು ಕೈಕಟ್ಟಿ ಕುಳಿತಿದ್ದವು ಎಂದು ನಾವು ಹೇಳುತ್ತಿಲ್ಲ. ಯೋಜನೆಗಳಿಗೆ ಎಂದೂ ಬರಗಾಲ ಬಂದಿಲ್ಲ. ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ತರಬೇತಿ ಮತ್ತು ಭೇಟಿ ಪದ್ಧತಿ ಬಂತು. ಗ್ರಾಮಮಟ್ಟದ ಕಾರ್ಯಕರ್ತ ಹದಿನೈದು ದಿನಗಳಿಗೊಮ್ಮೆ ನಿಗದಿತ ದಿನ ಊರಿಗೆ ಬರಬೇಕೆಂಬುದು ಅದರ ಕ್ರಮ. ಸಾಲದ ನೆರವು ನಿಂತಾಗ ಅಷ್ಟೊಂದು ಸಿಬ್ಬಂದಿಯ ವೇತನ ರಾಜ್ಯಗಳಿಗೆ ಹೊರೆಯಾಯಿತು, ನೇಮಕಾತಿ ನಿಂತಿತು, ಭೇಟಿಯೂ ನಿಂತಿತು. 2000ದಲ್ಲಿ ಕರ್ನಾಟಕ ಸರಕಾರವು ರೈತ ಮಿತ್ರ ಯೋಜನೆಯಡಿ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳನ್ನು ತೆರೆಯಿತು. 2005ರಿಂದ ಕೇಂದ್ರ ಸರಕಾರದ ಆತ್ಮ ಯೋಜನೆ ಜಿಲ್ಲೆಗಳಿಗೆ ಬಂತು. ತಾಲೂಕು ಮಟ್ಟದ ತಾಂತ್ರಿಕ ವ್ಯವಸ್ಥಾಪಕರನ್ನು ಅದು ಗುತ್ತಿಗೆಯ ಮೇಲೆ ನೇಮಿಸಿಕೊಂಡಿತು. 2009ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ನ ಸಹಯೋಗದಲ್ಲಿ ಭೂಚೇತನ ಆರಂಭವಾಯಿತು. 2015-16ರಲ್ಲಿ ಗ್ರಾಮೀಣ ಯುವಕರನ್ನು ಕೃಷಿಯಲ್ಲಿ ಉಳಿಸಿಕೊಳ್ಳಲೆಂದೇ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಆರ್ಯ ಎಂಬ ಕಾರ್ಯಕ್ರಮವನ್ನು ಕೃಷಿ ವಿಜ್ಞಾನ ಕೇಂದ್ರಗಳ ಮೂಲಕ ಜಾರಿಗೆ ತಂದಿತು. ಮೊದಲ ಹಂತದಲ್ಲಿ ಅದು ತಲುಪಿದ್ದು ರಾಜ್ಯಕ್ಕೊಂದು ಜಿಲ್ಲೆಯನ್ನು, ಅಲ್ಲಿ ಗುರುತಿಸಬೇಕಾಗಿದ್ದ ಯುವಕರು 200ರಿಂದ 300.

ಇವುಗಳಲ್ಲಿ ಭೂಚೇತನದ ಕತೆ ವಿಶೇಷವಾಗಿ ಗಮನಾರ್ಹ. ರಾಜ್ಯದ ಉದ್ದಗಲದಿಂದ ಮಣ್ಣಿನ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಇರುವುದು ಕಂಡುಬಂತು. ಯೂರಿಯಾ, ಡಿಎಪಿ ಮೂಟೆಗಟ್ಟಲೆ ಸುರಿದರೂ ಫಸಲು ಏಕೆ ಏರುತ್ತಿಲ್ಲ ಎಂಬುದಕ್ಕೆ ಅಲ್ಲಿ ಉತ್ತರವಿತ್ತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್‌ಗಳನ್ನು ಅಲ್ಪ ಪ್ರಮಾಣದಲ್ಲಿ ಹಾಕಿಸಿ ಇಳುವರಿಯನ್ನು ಶೇ. 20ರಷ್ಟು ಹೆಚ್ಚಿಸುವುದು ಯೋಜನೆಯ ಗುರಿಯಾಗಿತ್ತು. ಈ ಜ್ಞಾನವನ್ನು ಊರೂರಿಗೆ ಮುಟ್ಟಿಸಿದವರು ಅನುವುಗಾರರು ಎಂಬ ಸ್ಥಳೀಯ ಯುವ ರೈತರು. ಸುಮಾರು 500 ಹೆಕ್ಟೇರಿಗೆ ಒಬ್ಬರಂತೆ, ಹಂಗಾಮಿನ ದಿನಗಳಿಗೆ ಮಾತ್ರ ಗೌರವಧನ ಪಡೆದು ಅವರು ದುಡಿದರು. ಹಳ್ಳಿಯ ಹುಡುಗ ಹಳ್ಳಿಯ ಭಾಷೆಯಲ್ಲಿ, ತನ್ನ ಹೊಲವನ್ನೇ ತೋರಿಸಿ ಹೇಳಿದ ಮಾತನ್ನು ಊರು ನಂಬಿತು. ಆದರೆ ಅವರನ್ನು ಕಾಯಂಗೊಳಿಸುವ ಏರ್ಪಾಡು ಯೋಜನೆಯಲ್ಲಿ ಇರಲಿಲ್ಲ. ಒಬ್ಬ ಯುವಕನನ್ನು ಕರೆದು, ಕಲಿಸಿ, ಊರಿಗೆ ಗುರುವಾಗುವಷ್ಟು ಸಿದ್ಧಗೊಳಿಸಿದ ಮೇಲೆ ಅವನನ್ನು ಕೂಲಿಯವನಂತೆ ಹಂಗಾಮಿಗಷ್ಟೇ ಇಟ್ಟುಕೊಂಡರೆ ಅವನ ಜೊತೆಗೆ ಅವನ ತಿಳುವಳಿಕೆಯೂ ಕಾರ್ಖಾನೆಯ ಗೇಟಿನ ಕಡೆಗೆ ನಡೆಯುತ್ತದೆ. ಇದು ಯಾರೊಬ್ಬರ ದುರುದ್ದೇಶದಿಂದ ಆದದ್ದಲ್ಲ. ಯೋಜನೆಗಳ ರಚನೆಯಲ್ಲೇ ಇರುವ ದೋಷವಿದು.

ಸಲಹೆ ಸಿಗದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2018ರ ಮೇ ತಿಂಗಳಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಕೆಲವೇ ತಿಂಗಳುಗಳಲ್ಲಿ ಅದು ರಾಜ್ಯಗಳ ಗಡಿ ದಾಟಿ ಹರಡಿತು. ಈ ಹುಳು ಗಿಡದ ಸುಳಿಯೊಳಗೆ ಅಡಗಿ ಕುಳಿತು ತಿನ್ನುತ್ತದೆ. ಹೊರಗಿನ ಎಲೆಯ ಮೇಲೆ ಎಷ್ಟು ಔಷಧ ಸಿಂಪಡಿಸಿದರೂ ವ್ಯರ್ಥ. ಬೆಳೆ ಚಿಕ್ಕದಿರುವಾಗಲೇ ಗುರುತಿಸಿ, ಸುಳಿಗೆ ಬೀಳುವಂತೆ ಮದ್ದು ಹಾಕಬೇಕು. ಮರಳಿಗೆ ಸುಣ್ಣ ಬೆರೆಸಿ ಸುಳಿಗೆ ಹಾಕುವ ಅಗ್ಗದ ಉಪಾಯವನ್ನೂ ತಜ್ಞರು ಸೂಚಿಸಿದ್ದಾರೆ. ಇದು ಐದು ನಿಮಿಷದಲ್ಲಿ ಹೇಳಿಕೊಡಬಹುದಾದ ವಿಷಯ. ಆ ಐದು ನಿಮಿಷ ಸಿಗದ ರೈತನು ಸಾವಿರಾರು ರೂಪಾಯಿಯ ವಿಷವನ್ನು ಎಲೆಗೆ ಬಳಿದು ಬೆಳೆಯನ್ನೂ ಕಳೆದುಕೊಳ್ಳುತ್ತಾನೆ.

2021-22ರಲ್ಲಿ ಮೆಣಸಿನಕಾಯಿಗೆ ಬಂದ ಕಪ್ಪು ನುಸಿಯ ಪೀಡೆ ಇನ್ನೂ ಕಠೋರ. ಆಂಧ್ರ, ತೆಲಂಗಾಣದೊಂದಿಗೆ ಬಳ್ಳಾರಿ ಸೀಮೆಯ ಬೆಳೆಯೂ ಅದಕ್ಕೆ ತುತ್ತಾಯಿತು. ಹೂವಿನೊಳಗೆ ಸೇರಿಕೊಳ್ಳುವ ಈ ನುಸಿಗೆ ಹೆದರಿ ರೈತರು ಒಂದಾದ ಮೇಲೊಂದರಂತೆ ಔಷಧ ಸಿಂಪಡಿಸಿದರು. ಮಿತಿಮೀರಿದ ಸಿಂಪರಣೆಯು ನುಸಿಯನ್ನು ತಿನ್ನುವ ಉಪಕಾರಿ ಕೀಟಗಳನ್ನು ಕೊಲ್ಲುತ್ತದೆ, ಯೂರಿಯಾ ಹೆಚ್ಚಿದರೆ ಪೀಡೆ ಹೆಚ್ಚುತ್ತದೆ, ನೀಲಿ ಬಣ್ಣದ ಅಂಟು ಬಲೆಗಳನ್ನು ಕಟ್ಟಬೇಕು ಎಂಬ ತಜ್ಞರ ಸಲಹೆಯು ಹೊಲಕ್ಕೆ ತಲುಪುವ ಹೊತ್ತಿಗೆ ಸಾಲ ತಲುಪಿಯಾಗಿತ್ತು. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ವಿಷ ಸಿಂಪಡಿಸುತ್ತಲೇ ಅದರ ಗಾಳಿ ಸೇವಿಸಿ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೃಷಿ ಕಾರ್ಮಿಕರು ಪ್ರಾಣ ಬಿಟ್ಟದ್ದನ್ನು ದೇಶ ಮರೆತಿರಬಹುದು. ಸಲಹೆಯ ಕೊರತೆ ಕೇವಲ ಇಳುವರಿಯ ಪ್ರಶ್ನೆಯಲ್ಲ, ಅದು ಜೀವದ ಪ್ರಶ್ನೆಯೂ ಹೌದು.

ಈ ಶೂನ್ಯವನ್ನು ಇಂದು ತುಂಬುತ್ತಿರುವವರು ಯಾರು? ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿಗಳು. ಅಂಗಡಿಯವರನ್ನು ದೂಷಿಸುವುದು ಸುಲಭ. ಆದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಾಗಿಲು ತೆರೆದಿರುವುದು, ಬಾಡಿದ ಎಲೆಯನ್ನು ತಂದ ಹುಡುಗನನ್ನು ಮಾತನಾಡಿಸುವುದು, ಸುಗ್ಗಿಯವರೆಗೆ ಉದ್ರಿ ಕೊಡುವುದು ಅವರೇ. ಅವರಿಗೆ ಒಂದು ವರ್ಷದ ಡಿಪ್ಲೊಮಾ ತರಬೇತಿ ಕೊಡುವ ಕಾರ್ಯಕ್ರಮವನ್ನು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಿಂದ ನಡೆಸುತ್ತಿದೆ. ಅದು ಸ್ವಾಗತಾರ್ಹ. ಆದರೂ ಮಾರುವವನೇ ಸಲಹೆಗಾರನಾದಾಗ, "ಈ ಸಲ ಏನೂ ಹೊಡೆಯಬೇಡ, ಒಂದು ವಾರ ಕಾದು ನೋಡು" ಎಂಬ ಸಲಹೆ ಅವನ ಬಾಯಿಂದ ಬರುವುದು ಅಪರೂಪ. ಹಲವು ಸಂದರ್ಭಗಳಲ್ಲಿ ಅದೇ ಸರಿಯಾದ ಸಲಹೆಯಾಗಿರುತ್ತದೆ!

ಹಾಗಾದರೆ ರೈತ ಸಂಪರ್ಕ ಕೇಂದ್ರಗಳಿಗೆ ಏನಾಗಿದೆ? ಮುಂಗಾರಿನ ದಿನಗಳಲ್ಲಿ ಅವುಗಳ ಮುಂದೆ ಸಾಲು ಇರುತ್ತದೆ, ನಿಜ. ಆದರೆ ಆ ಸಾಲು ಸಬ್ಸಿಡಿಯ ಬೀಜಕ್ಕೆ, ಟಾರ್ಪಾಲಿಗೆ, ತುಂತುರು ನೀರಾವರಿಯ ಪೈಪಿಗೆ. ಒಳಗಿರುವ ಬೆರಳೆಣಿಕೆಯ ಸಿಬ್ಬಂದಿ ಅರ್ಜಿ, ಆಧಾರ್, ಪಹಣಿಗಳ ಪರಿಶೀಲನೆಯಲ್ಲೇ ಮುಳುಗಿರುತ್ತಾರೆ. ನೀರಾವರಿ ಪ್ರದೇಶದಲ್ಲಿ 750 ಕೃಷಿಕ ಕುಟುಂಬಗಳಿಗೆ ಒಬ್ಬ ವಿಸ್ತರಣಾ ಕಾರ್ಯಕರ್ತ ಇರಬೇಕೆಂಬ ಮಾನದಂಡವಿದೆ. ನಮ್ಮ ಹೋಬಳಿಗಳಲ್ಲಿ ಒಬ್ಬ ಅಧಿಕಾರಿಯ ಪಾಲಿಗೆ ಎಷ್ಟು ಹಳ್ಳಿಗಳಿವೆ ಎಂದು ಲೆಕ್ಕ ಹಾಕಿದವರಿಗೆ ಈ ಮಾನದಂಡ ವ್ಯಂಗ್ಯವಾಗಿ ತೋರುತ್ತದೆ. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗವು ಕೃಷಿ ಅಧಿಕಾರಿ ಮತ್ತು ಸಹಾಯಕ ಕೃಷಿ ಅಧಿಕಾರಿಗಳ 945 ಹುದ್ದೆಗಳಿಗೆ ಅರ್ಜಿ ಕರೆಯಿತು. ಅವುಗಳಲ್ಲಿ 273 ಹುದ್ದೆಗಳು ಕಲ್ಯಾಣ ಕರ್ನಾಟಕದವು. ಇಷ್ಟು ಹುದ್ದೆಗಳು ಒಮ್ಮೆಲೇ ಭರ್ತಿಗೆ ಕಾದಿದ್ದವು ಎಂಬುದೇ ವರ್ಷಾನುಗಟ್ಟಲೆ ನಡೆದ ನಿರ್ಲಕ್ಷ್ಯವನ್ನು ಹೇಳುತ್ತದೆ.

ಯುವ ರೈತನ ಮಟ್ಟಿಗೆ ಇನ್ನೊಂದು ಗೋಡೆಯಿದೆ, ಅದರ ಬಗ್ಗೆ ಚರ್ಚೆಯೇ ನಡೆಯುವುದಿಲ್ಲ. ಸರಕಾರದ ದೃಷ್ಟಿಯಲ್ಲಿ ರೈತನೆಂದರೆ ಪಹಣಿಯಲ್ಲಿ ಹೆಸರಿರುವವನು. ಸವಲತ್ತು ಬೇಕಾದರೆ ಫ್ರೂಟ್ಸ್ ಸಂಖ್ಯೆ ಬೇಕು, ಆ ಸಂಖ್ಯೆಗೆ ಭೂದಾಖಲೆ ಬೇಕು. ಇಪ್ಪತ್ತೈದರ ಯುವಕನ ಹೆಸರಿನಲ್ಲಿ ಪಹಣಿ ಎಲ್ಲಿಂದ ಬರಬೇಕು? ಭೂಮಿ ಅಪ್ಪನ ಹೆಸರಿನಲ್ಲಿರುತ್ತದೆ, ಎಷ್ಟೋ ಕಡೆ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ಪೌತಿ ಖಾತೆ ಮಾಡಿಸಲು ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಕೂಡಿಬರಬೇಕು. ಇನ್ನು ಗುತ್ತಿಗೆಗೆ ಅಥವಾ ಪಾಲಿಗೆ ಹೊಲ ಮಾಡುವವನ ಗತಿ ಕೇಳುವುದೇ ಬೇಡ. 1974ರ ಭೂಸುಧಾರಣೆಯ ನಂತರ ರಾಜ್ಯದಲ್ಲಿ ಗೇಣಿ ಪದ್ಧತಿ ಕಾನೂನಿನ ಪ್ರಕಾರ ಇಲ್ಲ. ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ಭೂಮಿಯ ಒಡೆತನ ಕೊಟ್ಟ ಪುಣ್ಯದ ಕೆಲಸ. ಆದರೆ ಬಾಯಿಮಾತಿನ ಗುತ್ತಿಗೆ ಊರೂರಲ್ಲಿ ನಡೆಯುತ್ತಲೇ ಇದೆ. ದಾಖಲೆಯಲ್ಲಿ ಇಲ್ಲದ ಆ ಯುವಕನು ಬೆವರು ಸುರಿಸಿದರೂ ಕೃಷಿ ಇಲಾಖೆಯ ಕಣ್ಣಿಗೆ ರೈತನಲ್ಲ. ಹೊಲದಲ್ಲಿ ಹಗಲಿರುಳು ದುಡಿಯುವ ಮಹಿಳೆಯರ ಸ್ಥಿತಿಯೂ ಇದೇ. ಸಬ್ಸಿಡಿಗೆ ದಾಖಲೆ ಕೇಳುವುದು ಸರಿ. ಸಲಹೆಗೂ ದಾಖಲೆ ಏಕೆ ಬೇಕು? ಜ್ಞಾನವನ್ನು ಹೆಚ್ಚು ಜನರಿಗೆ ಹಂಚಿದರೆ ಬೊಕ್ಕಸಕ್ಕೆ ಯಾವ ನಷ್ಟ?

ಇಂದಿನ ಯುವಕನ ಕೈಯಲ್ಲಿ ಮೊಬೈಲ್ ಇದೆಯಲ್ಲ, ಅದರಲ್ಲೇ ಎಲ್ಲ ಸಿಗುತ್ತದೆ ಎಂಬ ವಾದವೊಂದಿದೆ. 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ, ಕನ್ನಡದಲ್ಲೇ ಉತ್ತರಿಸುತ್ತಾರೆ. ಯೂಟ್ಯೂಬಿನಲ್ಲಿ ಕೃಷಿಯ ವೀಡಿಯೋಗಳಿಗೆ ಲೆಕ್ಕವಿಲ್ಲ. ಇವುಗಳ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಫೋನಿನ ಆ ಬದಿಯಲ್ಲಿರುವವರು ಹೊಲದ ಮಣ್ಣನ್ನು ಮುಟ್ಟಿ ನೋಡಲಾರರು. ವೀಡಿಯೋದಲ್ಲಿ ಲಕ್ಷ ಲಕ್ಷ ಲಾಭದ ಕತೆ ಹೇಳಿದವರು ಬೆಳೆ ಕೈಕೊಟ್ಟಾಗ ಉತ್ತರ ಹೇಳಲು ಬರುವುದಿಲ್ಲ. ಮಾಹಿತಿ ಬೇರೆ, ಮಾರ್ಗದರ್ಶನ ಬೇರೆ. ಮುಂದಿನ ವಾರವೂ ಅದೇ ಹೊಲಕ್ಕೆ ಬಂದು ತನ್ನ ಸಲಹೆಯ ಫಲವನ್ನು ಕಣ್ಣಾರೆ ಕಾಣಬೇಕಾದವನು ಮಾತ್ರ ಎಚ್ಚರದಿಂದ ಮಾತನಾಡುತ್ತಾನೆ.

ಈ ಸೀಮೆಗೆ ಅಂಥ ಮಾರ್ಗದರ್ಶನ ಎಷ್ಟು ಅಗತ್ಯ ಎಂಬುದನ್ನು ತುಂಗಭದ್ರೆಯೇ ತೋರಿಸಿಕೊಟ್ಟಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸುವ ಕಾಮಗಾರಿಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಕಾಲುವೆ ಕಟ್ಟಿನಲ್ಲಿ ಬೆಳೆದ ಯುವಕನಿಗೆ ಭತ್ತ ಬಿಟ್ಟರೆ ಬೇರೆ ಗೊತ್ತಿಲ್ಲದಿದ್ದರೆ ಅದು ಅವನ ತಪ್ಪಲ್ಲ. ಮಣ್ಣಿನಲ್ಲುಳಿದ ತೇವದಲ್ಲೇ ಕಡಲೆ ಬಿತ್ತಬಹುದೇ, ಜೋಳಕ್ಕೆ ಸಮಯ ಮೀರಿತೇ, ಬೀಜೋಪಚಾರ ಹೇಗೆ, ಭೂಮಿಯನ್ನು ಬೀಳು ಬಿಟ್ಟು ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲುವುದೇ ಲೇಸೇ? ಇಂಥ ಪ್ರಶ್ನೆಗಳಿಗೆ ಊರೂರಲ್ಲಿ ಕುಳಿತು ಉತ್ತರಿಸುವ ವ್ಯಕ್ತಿ ಬೇಕು. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ರಾಯಚೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಉತ್ತರಗಳಿವೆ. ಗಾದಿಗನೂರಿನ ಯುವಕನು ಹಗರಿ ತಲುಪಬೇಕಾದರೆ ಬಳ್ಳಾರಿಯನ್ನು ದಾಟಿ ಹೋಗಬೇಕು. ಒಂದು ದಿನದ ಕೂಲಿ ಕಳೆದುಕೊಂಡು ಎಷ್ಟು ಮಂದಿ ಹೋದಾರು?

ಹಣವೆಲ್ಲಿ ಎಂಬ ಪ್ರಶ್ನೆಯನ್ನು ಬೇರೆ ಜಿಲ್ಲೆಗಳಲ್ಲಿ ಕೇಳಬಹುದು. ಬಳ್ಳಾರಿ, ವಿಜಯನಗರ ಜಿಲ್ಲೆಗಳಲ್ಲಿ ಕೇಳುವಂತಿಲ್ಲ. ಗಣಿ ಕಂಪನಿಗಳಿಂದ ಬರುವ ಜಿಲ್ಲಾ ಖನಿಜ ನಿಧಿ 2015ರಿಂದ ಇದೆ, ಕೌಶಲ ಅಭಿವೃದ್ಧಿ ಅದರ ಆದ್ಯತೆಗಳಲ್ಲೊಂದು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಕೈಯಲ್ಲಿದೆ. 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷ ವರ್ಷ ಅನುದಾನ ಬರುತ್ತದೆ. ವಿಪರ್ಯಾಸವೆಂದರೆ ಈ ಹಣದಲ್ಲಿ ಕಟ್ಟಡ, ರಸ್ತೆಗಳು ಸುಲಭವಾಗಿ ಮೇಲೇಳುತ್ತವೆ. ಮನುಷ್ಯನಿಗೆ ಸಂಬಳ ಕೊಡುವ ಮಾತು ಬಂದಾಗ ಮಾತ್ರ ಕಡತಗಳು ನಿಂತುಬಿಡುತ್ತವೆ. ಕಟ್ಟಡವನ್ನು ಉದ್ಘಾಟಿಸಬಹುದು, ರಿಬ್ಬನ್ ಕತ್ತರಿಸಬಹುದು. ಹೊಲದ ಬದುವಿನ ಮೇಲೆ ನಡೆಯುವ ಮಾತುಕತೆಗೆ ಉದ್ಘಾಟನೆ ಎಲ್ಲಿದೆ?

ಬಾಳುವ ಸೇವೆ ಹೇಗಿರಬೇಕೆಂಬುದಕ್ಕೆ ಇಂಡೋನೇಷ್ಯಾದ ಅನುಭವ ಪಾಠವಾಗಬಲ್ಲದು. ಕಂಪ್ಲಿ, ಸಿರುಗುಪ್ಪದ ಭತ್ತದ ರೈತರನ್ನು ಕಾಡುವ ಕಂದು ಜಿಗಿಹುಳುವೇ ಎಂಬತ್ತರ ದಶಕದಲ್ಲಿ ಆ ದೇಶದ ಭತ್ತವನ್ನು ನಾಶಮಾಡುತ್ತಿತ್ತು. ವಿಷ ಹೆಚ್ಚಿದಷ್ಟೂ ಅದನ್ನು ತಿನ್ನುವ ಜೇಡಗಳು ಸಾಯುತ್ತಿದ್ದವು, ಹುಳು ಹೆಚ್ಚುತ್ತಿತ್ತು. 1986ರಲ್ಲಿ ಅಲ್ಲಿನ ಸರಕಾರವು ಭತ್ತದ ಮೇಲೆ 57 ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಅಷ್ಟಕ್ಕೇ ನಿಲ್ಲದೆ 1989ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ ರೈತ ಕ್ಷೇತ್ರ ಪಾಠಶಾಲೆಗಳನ್ನು ತೆರೆಯಿತು. ಸುಮಾರು 25 ಮಂದಿ ರೈತರು ಇಡೀ ಹಂಗಾಮಿನಲ್ಲಿ ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರಿ, ಯಾವ ಕೀಟ ಶತ್ರು, ಯಾವುದು ಮಿತ್ರ ಎಂದು ತಾವೇ ಎಣಿಸಿ ಕಲಿತರು. ಹಾಗೆ ಕಲಿತವರಲ್ಲಿ ಅನೇಕರು ಮುಂದೆ ಕಲಿಸುವವರಾದರು. ಹೊರಗಿನ ಹಣ ನಿಂತ ಮೇಲೆ ಅಲ್ಲಿಯೂ ಪಾಠಶಾಲೆಗಳ ಸಂಖ್ಯೆ ಇಳಿಯಿತೆಂಬುದು ನಿಜ. ಆದರೆ ಕಲಿತ ರೈತರು ತಮ್ಮದೇ ಸಂಘ ಕಟ್ಟಿಕೊಂಡಿದ್ದ ಕಡೆ ಕೆಲಸ ನಿಲ್ಲಲಿಲ್ಲ. ಅಧಿಕಾರಿ ಹೊರಟುಹೋದ ಮೇಲೂ ಜ್ಞಾನ ಊರಿನಲ್ಲೇ ಉಳಿಯಬೇಕೆಂಬುದು ಇದರ ಸಾರ.

ಈ ನಿಟ್ಟಿನಲ್ಲಿ ನಮ್ಮ ಬೇಡಿಕೆಗಳು ಸ್ಪಷ್ಟ. ಮೊದಲನೆಯದಾಗಿ, ಗ್ರಾಮ ಪಂಚಾಯತಿಗೊಬ್ಬರಂತೆ ಕೃಷಿ ಡಿಪ್ಲೊಮಾ ಪಡೆದ ಸ್ಥಳೀಯ ಯುವಕ ಅಥವಾ ಯುವತಿಯನ್ನು ಕಾಯಂ ಆಗಿ ನೇಮಿಸಬೇಕು. ಅವರ ಕೆಲಸ ಸಲಹೆ ಕೊಡುವುದು ಮಾತ್ರ, ಅರ್ಜಿ ವಿಲೇವಾರಿಯಲ್ಲ. ಎರಡನೆಯದಾಗಿ, ಪಹಣಿ ಇರಲಿ ಇಲ್ಲದಿರಲಿ, ಗ್ರಾಮಸಭೆಯು ಉಳುವವರೆಂದು ಗುರುತಿಸಿದ ಎಲ್ಲರಿಗೂ ತರಬೇತಿ ಮತ್ತು ಸಲಹೆ ಸಿಗಬೇಕು. ಮೂರನೆಯದಾಗಿ, ಏಳು ದಿನದ ಶಿಬಿರ, ಪ್ರಮಾಣಪತ್ರ, ಭಾವಚಿತ್ರಗಳಿಗೆ ಬದಲು ಬಿತ್ತನೆಯಿಂದ ಸುಗ್ಗಿಯವರೆಗಿನ ಕ್ಷೇತ್ರ ಪಾಠಶಾಲೆ ನಡೆಯಬೇಕು. ನಾಲ್ಕನೆಯದಾಗಿ, ಖನಿಜ ನಿಧಿಯ ಒಂದು ಪಾಲನ್ನು ಮುಟ್ಟದ ಮೂಲಧನವಾಗಿ ಇಟ್ಟು ಅದರ ಆದಾಯದಿಂದ ಈ ಸಿಬ್ಬಂದಿಯ ವೇತನ ಕೊಡಬೇಕು. ವಕ್ಫ್‌ನ ತತ್ವ ಬಲ್ಲ ನಮ್ಮ ಓದುಗರಿಗೆ ಇದು ಹೊಸ ವಿಚಾರವಲ್ಲ. ಮೂಲ ಉಳಿಯುತ್ತದೆ, ಫಲ ಹಂಚಿಕೆಯಾಗುತ್ತದೆ. ಬೆಟ್ಟದ ಅದಿರು ಒಂದು ದಿನ ಮುಗಿಯುತ್ತದೆ. ಅದು ಮುಗಿಯುವ ಮೊದಲು ಅದರ ಹಣವನ್ನು ಮುಗಿಯದ ಸೇವೆಯಾಗಿ ಮಾರ್ಪಡಿಸುವುದೇ ವಿವೇಕ.

ಪಟ್ಟಣದಲ್ಲಿರುವ ನಮಗೆ ಇದರಲ್ಲೇನು ಪಾಲು ಎಂದು ಕೇಳುವವರಿರಬಹುದು. ಸಂತೆಯಿಂದ ಮನೆಗೆ ತರುವ ಟೊಮೆಟೊ, ಬದನೆ, ಹಸಿಮೆಣಸಿನ ಮೇಲೆ ಎಷ್ಟು ವಿಷ ಬಿದ್ದಿದೆ ಎಂಬುದು ಆ ಹೊಲದ ಯುವಕನಿಗೆ ಯಾರು ಸಲಹೆ ಕೊಟ್ಟರು ಎಂಬುದನ್ನು ಅವಲಂಬಿಸಿದೆ. ಹೊಸಪೇಟೆ, ಕಂಪ್ಲಿ, ಸಂಡೂರಿನ ಎಷ್ಟೋ ಕುಟುಂಬಗಳ ಬೇರು ಸುತ್ತಲಿನ ಹಳ್ಳಿಗಳಲ್ಲಿದೆ. ಊರಿನ ಹೊಲವನ್ನು ಪಾಲಿಗೆ ಕೊಟ್ಟು ಬಂದವರು, ಅದನ್ನು ಮಾಡುವ ಯುವಕನಿಗೆ ದಾಖಲೆಯ ನೆರವು ಕೊಡಲು ಹಿಂಜರಿಯಬಾರದು. ಎಸೆಸೆಲ್ಸಿ, ಪಿಯುಸಿ ಮಕ್ಕಳಿಗಾಗಿ ನಮ್ಮ ಜಮಾಅತ್‌ಗಳೂ ಸಂಘಟನೆಗಳೂ ಮಾರ್ಗದರ್ಶನ ಶಿಬಿರ ನಡೆಸುತ್ತವೆ. ಅಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಕೊಲ್ಲಿಯ ಉದ್ಯೋಗಗಳ ಮಾತು ಧಾರಾಳ. ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕೃಷಿ ಪದವಿ ಪಡೆದರೆ ಇಲಾಖೆಯ ನೇಮಕಾತಿಗೆ ಸ್ಪರ್ಧಿಸಬಹುದು ಎಂಬ ಮಾತು ಎಷ್ಟು ಶಿಬಿರಗಳಲ್ಲಿ ಬರುತ್ತದೆ? ನೂರಾರು ಹುದ್ದೆಗಳಿಗೆ ಅರ್ಜಿ ಕರೆದಾಗ ನಮ್ಮ ಮಕ್ಕಳು ಆ ಸಾಲಿನಲ್ಲಿ ಇಲ್ಲದಿದ್ದರೆ ಅದಕ್ಕೆ ಪಕ್ಷಪಾತವೊಂದೇ ಕಾರಣವಾಗಿರಲಾರದು.

ಮುಂದಿನ ಗ್ರಾಮಸಭೆಗಳಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ಪ್ರಶ್ನೆಯೂ ಏಳಲಿ: ನಮ್ಮ ಪಂಚಾಯತಿಯ ಯುವ ರೈತರಿಗೆ ಸಲಹೆ ಕೊಡುವವರು ಯಾರು, ಅವರು ಕಳೆದ ತಿಂಗಳು ಎಷ್ಟು ಹೊಲಗಳಿಗೆ ಹೋದರು? ಮತ ಕೇಳಲು ಬರುವ ಪ್ರತಿಯೊಬ್ಬ ಪ್ರತಿನಿಧಿಯೂ ಇದಕ್ಕೆ ಉತ್ತರ ಹೇಳಲಿ. ಹೊಸ ಹೆಸರಿನ ಇನ್ನೊಂದು ಯೋಜನೆಯನ್ನು ಘೋಷಿಸಿದರೆ ಅದು ಉತ್ತರವಾಗದು. ಹಂಗಾಮು ಮುಗಿದರೂ, ಸರಕಾರ ಬದಲಾದರೂ ಆ ವ್ಯಕ್ತಿ ಊರಿನಲ್ಲಿ ಉಳಿಯುತ್ತಾನೆಂಬ ಖಾತರಿ ಬೇಕು. ಅದು ಸಿಗುವವರೆಗೆ ಗಾದಿಗನೂರಿನ ಯುವಕನು ಹೊಲ ಬಿಟ್ಟು ಗುತ್ತಿಗೆ ಕೂಲಿಗೆ ಹೊರಟರೆ ಅವನನ್ನು ದೂರುವ ಹಕ್ಕು ನಮಗ್ಯಾರಿಗೂ ಇಲ್ಲ.